ಮೋಗ್ಲಿಂಗ್: ಪಾದ್ರಿಯ ದಾರಿ, ಕನ್ನಡದ ತಿರುವು



ನಾವು ಇಂದು ಸೇರಿರುವ ಈ ಸ್ಟುಟ್‌ಗಾರ್ಟಿನಿಂದ ನೆಕ್ಕರ್ ನದಿಗುಂಟ ಮೇಲಕ್ಕೆ ಸಾಗಿದರೆ ಮೊದಲು ಎಸ್ಲಿಂಗೆನ್, ಆಮೇಲೆ ಟ್ಯೂಬಿಂಗೆನ್ ಸಿಗುತ್ತವೆ. ಹೆರ್ಮನ್ ಮೋಗ್ಲಿಂಗ್ ಅವರು ದೇವತಾಶಾಸ್ತ್ರವನ್ನು ಓದಿದ್ದು ಟ್ಯೂಬಿಂಗೆನ್ನಿನಲ್ಲಿ. 1881ರಲ್ಲಿ ಕಣ್ಮುಚ್ಚಿದ್ದು ಎಸ್ಲಿಂಗೆನ್ನಿನಲ್ಲಿ. ಇಷ್ಟು ಹತ್ತಿರದ ಎರಡು ಊರುಗಳ ನಡುವಣ ಹಾದಿಯನ್ನು ಅವರು ಮಂಗಳೂರು, ಕೊಡಗುಗಳನ್ನು ಬಳಸಿಕೊಂಡು ಕ್ರಮಿಸಿದರು.

ಹುಟ್ಟಿದ್ದು 1811ರಲ್ಲಿ, ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಓದು ಮುಗಿಸಿದ ತರುಣನಿಗೆ ಇಲ್ಲಿಯೇ ಒಂದು ಇಗರ್ಜಿ, ಒಂದು ಮನೆ, ನೆಮ್ಮದಿಯ ಸಂಬಳ ದೊರೆಯಬಹುದಾಗಿತ್ತು. ಅದನ್ನು ಬಿಟ್ಟು ಅವರು ಬಾಸೆಲ್ ಮಿಶನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಬಂದ ಉದ್ದೇಶದ ಬಗ್ಗೆ ನಾವು ಮುಸುಕಿನ ಮಾತು ಆಡಬೇಕಾಗಿಲ್ಲ: ಜನರನ್ನು ತಮ್ಮ ಮತಕ್ಕೆ ತರಲೆಂದೇ ಬಂದವರು ಅವರು.

ಆದರೆ ಉಪದೇಶ ಮಾಡುವವನಿಗೆ ಕೇಳುವವರ ಮಾತು ಬರಬೇಕಷ್ಟೆ. ಕನ್ನಡ ಕಲಿಯಲು ತೊಡಗಿದ ಪಾದ್ರಿಗೆ ಅದು ಬರಿಯ ಸಾಧನವಾಗಿ ಉಳಿಯಲಿಲ್ಲ. 1843ರ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪುಟ್ಟ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. ಊರ ವರ್ತಮಾನ, ಸರಕಾರದ ನಿರೂಪಗಳು, ನೀತಿಯ ಕಥೆಗಳು, ಇವುಗಳ ಜೊತೆಗೆ ದಾಸರ ಪದಗಳು! ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರು ಪಡೆಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದಲೇ.

ಇನ್ನೂ ದೊಡ್ಡ ಉಜ್ಜುಗ ‘ಬಿಬ್ಲಿಯೋಥಿಕಾ ಕರ್ನಾಟಿಕಾ’. ಮದರಾಸು ಸರಕಾರದಲ್ಲಿ ನ್ಯಾಯಾಧೀಶರಾಗಿದ್ದು ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬವರ ಧನಸಹಾಯದಿಂದ, 1848ರಿಂದ ಕೆಲವು ವರ್ಷಗಳ ಕಾಲ, ಮೋಗ್ಲಿಂಗರು ಹಳೆಯ ಕನ್ನಡ ಕೃತಿಗಳನ್ನು ಸಂಪಾದಿಸಿ ಮಂಗಳೂರಿನಲ್ಲಿ ಕಲ್ಲಚ್ಚಿಗೆ ಇಳಿಸಿದರು. ಜೈಮಿನಿ ಭಾರತ, ಬಸವ ಪುರಾಣ, ಹರಿದಾಸರ ಪದಗಳು ಈ ಮಾಲೆಯಲ್ಲಿ ಬಂದವು. ಹಸ್ತಪ್ರತಿಯಾಗಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಇದ್ದುದು ಹೀಗೆ ಅನೇಕರ ಕೈಗೆ ಎಟುಕಿತು.

ವಿಗ್ರಹಾರಾಧನೆಯನ್ನು ಒಪ್ಪದ ಪಾದ್ರಿ ವಿಠಲನ ಸ್ತುತಿಗಳನ್ನೇಕೆ ಅಚ್ಚು ಹಾಕಿಸಿದರು? ಎದುರಾಳಿಯ ಮತವನ್ನು ಅರಿಯಲಿಕ್ಕೆ ಎಂದು ಹೇಳುವವರುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಅಷ್ಟಕ್ಕೇ ಆಗಿದ್ದರೆ ಪಾದ್ರಿಗಳ ಓದಿಗೆ ಒಂದು ಸಾರಸಂಗ್ರಹ ಸಾಕಾಗಿತ್ತು. ಮೂಲವನ್ನು ಮೂಲವಾಗಿಯೇ, ಕನ್ನಡದಲ್ಲಿಯೇ ಉಳಿಸಬೇಕೆಂಬ ಹಟ ದ್ವೇಷದಿಂದ ಹುಟ್ಟುವುದಲ್ಲ. ಆ ಪದಗಳ ದೈವವನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಆ ಪದಗಳ ಭಕ್ತಿ ಮಾತ್ರ ಅವರನ್ನು ಬಿಡಲಿಲ್ಲ ಎಂದು ನಮಗನಿಸುತ್ತದೆ.

ಅವರ ದಾರಿ ಸುಗಮವಾಗಿರಲಿಲ್ಲ. ಇಲ್ಲಿಯವರೊಡನೆ ಬೆರೆತು, ಅವರಂತೆಯೇ ಸರಳವಾಗಿ ಬಾಳಬೇಕೆಂಬ ಅವರ ಹಂಬಲಕ್ಕೆ ಬಾಸೆಲ್ಲಿನ ಹಿರಿಯರ ಒಪ್ಪಿಗೆ ದೊರೆಯಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನಿಗೆ ದೀಕ್ಷೆ ಕೊಟ್ಟಾಗ ಮಂಗಳೂರು ಕೆರಳಿತು. ಒಂದು ಮನೆಗೆ ಮಗ ಎರವಾದ ಆ ನೋವನ್ನು ನಾವು ಹಗುರವಾಗಿ ಕಾಣಲಾಗದು. ಮುಂದೆ ಕೊಡಗಿಗೆ ಹೋದ ಮೋಗ್ಲಿಂಗರು 1855ರಲ್ಲಿ ಆ ನಾಡಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಎರಡು ವರ್ಷಗಳ ತರುವಾಯ ಹೆಂಡತಿಯ ಅನಾರೋಗ್ಯ ಅವರನ್ನು ಮರಳಿ ಜರ್ಮನಿಗೆ ಕರೆತಂದಿತು. ಮತ್ತೆ ಕನ್ನಡ ನಾಡನ್ನು ಅವರು ಕಾಣಲಿಲ್ಲ.

ಅವರ ಜೀವನಚರಿತ್ರೆಯನ್ನು ಬರೆದವರು ಗೆಳೆಯ ಹೆರ್ಮನ್ ಗುಂಡರ್ಟ್. ಮಲಯಾಳ ನಿಘಂಟುಕಾರರು, ಕಾದಂಬರಿಕಾರ ಹೆರ್ಮನ್ ಹೆಸ್ಸೆಯವರ ತಾಯಿಯ ತಂದೆ. ಈ ಸಭೆಯಲ್ಲಿ ಜರ್ಮನ್ ಬಲ್ಲ ನಮ್ಮ ಮಕ್ಕಳಿದ್ದಾರೆ. ಕನ್ನಡ ಲಿಪಿ ಅವರಿಗೆ ತೊಡಕಾಗಿರಬಹುದು. ಅವರಿಗಾಗಿ ಒಂದು ಮಾತು: ದಾಸರ ಹಾಡುಗಳನ್ನು ಮೋಗ್ಲಿಂಗರು ಜರ್ಮನ್ ಭಾಷೆಗೆ ತಂದು, 1860ರಲ್ಲಿ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಆ ಪತ್ರಿಕೆಯ ಹದಿನಾಲ್ಕನೆಯ ಸಂಪುಟವನ್ನು ಗ್ರಂಥಾಲಯದಲ್ಲಿ ಕೇಳಿ ನೋಡಬಹುದು.