ಹೊಳೆಪಾಲಾದ ಬುತ್ತಿ



ನಮ್ಮ ಮನೆಯವರ ದೊಡ್ಡ ಪ್ರವಾಸವೆಂದರೆ ಕಡ್ಡಿರಾಂಪುರದಿಂದ ಅಂಜನಾದ್ರಿಗೆ. ನಗಬೇಡಿ. ಆಗ ಬುಕ್ಕಸಾಗರದ ಸೇತುವೆ ಇರಲಿಲ್ಲ. ತಳವಾರಘಟ್ಟದವರೆಗೆ ಬಂಡಿ, ಅಲ್ಲಿಂದ ಆನೆಗುಂದಿಗೆ ಹರಿಗೋಲು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಈ ಬುಟ್ಟಿಯಂಥ ದೋಣಿಗಳು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿದ್ದಾನೆ. ಅದನ್ನು ಓದದ ನಮ್ಮಜ್ಜಿ, "ಸೀದಾ ಹೊಡಿಯಪ್ಪ, ತಲಿ ತಿರುಗ್ತೈತಿ" ಎಂದು ಗದರಿದಳು. "ಯವ್ವಾ, ಇದಕ್ಕ ಸೀದಾ ಹೋಗಾಕ ಬರಂಗಿಲ್ಲ" ಎಂದ ಹರಿಗೋಲಿನವನು.

ನಡುಹೊಳೆಯಲ್ಲಿ ತಮ್ಮನ ಚಪ್ಪಲಿ ನೀರಿಗೆ ಬಿತ್ತು. ಹಿಡಿಯಲು ಬಾಗಿದವನು ಅರ್ಧ ಹೊರಗೇ ಹೋದ. ಈಜು ಬಾರದ ಅಪ್ಪ, ಕೈಯಲ್ಲಿದ್ದ ಬುತ್ತಿಗಂಟು ಬಿಟ್ಟು ಅವನ ಉಡಿದಾರಕ್ಕೆ ಕೈಹಾಕಿ ಎಳೆದರು. ಗಂಟು ಹೊಳೆಪಾಲಾಯಿತು. ಯಾರೂ ಮಾತಾಡಲಿಲ್ಲ. ದಡ ಮುಟ್ಟುವವರೆಗೂ ಅಪ್ಪನ ಕೈ ನಡುಗುತ್ತಿತ್ತು. ಉಡಿದಾರ ಮಾತ್ರ ಬಿಡಲಿಲ್ಲ.

ಇಳಿದ ಮೇಲೆ ಅಜ್ಜಿಯ ಮೊದಲ ಮಾತು: "ರೊಟ್ಟಿ ಹೋದ್ರ ಹೋಗ್ಲಿ, ಶೇಂಗಾ ಚಟ್ನಿ ಡಬ್ಬಿ ಹೊಸಾದಿತ್ತಲ್ಲೋ!" ಅಮ್ಮ ಅಳುತ್ತಲೇ ನಕ್ಕಳು.

575 ಮೆಟ್ಟಿಲನ್ನು ಹಸಿದ ಹೊಟ್ಟೆಯಲ್ಲಿ ಹತ್ತಿದೆವು. ತಮ್ಮ ಉಳಿದ ಒಂಟಿ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಮೇಲೆ ಗಂಗಾವತಿ ಕಡೆಯವರೊಬ್ಬರು ನಮ್ಮ ಮುಖ ನೋಡಿಯೇ ಮೊಸರನ್ನ ಬಡಿಸಿದರು. ಅವರ ಹೆಸರನ್ನೂ ಕೇಳಲಿಲ್ಲ, ಅಷ್ಟು ಹಸಿವು.

ತಮ್ಮನೂ ಇದೇ ಶಾಲೆಯವನು. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನಲ್ಲ, ಅವನೇ.