ವಾಲ್ವುಗಳ ಗುರುತೂ ಬದಲಾವಣೆಯೂ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನ ಮೇಲೋ ಒಂದು ವಾಲ್ವಿನ ರೇಡಿಯೋ ಅಥವಾ ಆಂಪ್ಲಿಫಯರು ಮೌನವಾಗಿ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಧ್ವನಿಯನ್ನು ಕಳುಹಿಸಿದುದೂ ವಾಲ್ವು, ಅದನ್ನು ಬರಮಾಡಿಕೊಂಡುದೂ ಬಹುಮಟ್ಟಿಗೆ ವಾಲ್ವು. ಟ್ರಾನ್ಸಿಸ್ಟರು ಹುಟ್ಟಿದುದು 1947ರಲ್ಲಿ. ಇಂಥ ಯಂತ್ರವನ್ನು ಮತ್ತೆ ನುಡಿಸಬೇಕೆಂಬ ಆಸೆಯುಳ್ಳವರಿಗೆ ನಾಲ್ಕು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ. ಈ ಮಾತುಗಳಲ್ಲಿ ಒಂದನ್ನು ನಾವು ನಷ್ಟಪಟ್ಟು ಕಲಿತೆವು.

ನಮಗೆ ವಿದ್ಯೆ ಕಲಿಸಿದ ಗುರುಗಳೊಬ್ಬರ ಮನೆ ಹುಣಸೂರಿನಲ್ಲಿದೆ. ಅವರು ಕೈಯಾರೆ ಕಟ್ಟಿದ ಒಂದು ಹೈ-ಫೈ ಆಂಪ್ಲಿಫಯರು ಅವರ ಕಾಲಾನಂತರ ಎಡಗಡೆ ಮೂಕವಾಯಿತು. ಗುರುಪತ್ನಿಯವರು ಕರೆಕಳುಹಿಸಿ, “ಅವರು ಕೇಳುತ್ತಿದ್ದ ತಟ್ಟೆಗಳನ್ನು ಇನ್ನೊಮ್ಮೆ ಕೇಳಬೇಕು, ನೋಡಪ್ಪ” ಎಂದರು. ಮೇಜಿನ ಖಾನೆಯಲ್ಲಿ ಒಂದೇ ಒಂದು ಮೀಸಲು ವಾಲ್ವು ಇತ್ತು. ಗುರುಗಳ ಅಕ್ಷರದಲ್ಲಿ ‘ಇಎಲ್ 84, ಒಳ್ಳೆಯದು’ ಎಂದು ಬರೆದ ಕಾಗದ ಅದಕ್ಕೆ ಸುತ್ತಿತ್ತು.

ಮೊದಲು ವಾಲ್ವೆಂದರೇನು ಎಂಬುದನ್ನು ನೋಡೋಣ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕೆಥೋಡು ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. ಪ್ಲೇಟು ಅವನ್ನು ಸೆಳೆದುಕೊಳ್ಳುತ್ತದೆ. ನಡುವಣ ಗ್ರಿಡ್ಡು ಕಾಲುವೆಯ ತೂಬಿನಂತೆ ಆ ಹರಿವನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ. ತೂಬನ್ನು ಆಡಿಸಲು ಅಲ್ಪ ಬಲ ಸಾಕು. ಹರಿಯುವ ನೀರು ಬಹಳ. ವರ್ಧನದ ರಹಸ್ಯ ಇಷ್ಟೇ.

ಇನ್ನು ಗುರುತು. ಯೂರೋಪಿನ ಪದ್ಧತಿಯಲ್ಲಿ ಹೆಸರೇ ಜಾತಕ. ಮೊದಲ ಅಕ್ಷರ ‘ಇ’ ಆದರೆ ಫಿಲಮೆಂಟಿಗೆ 6.3 ವೋಲ್ಟು, ‘ಜಿ’ ಆದರೆ 5 ವೋಲ್ಟು. ಮುಂದಿನ ಅಕ್ಷರಗಳಲ್ಲಿ ‘ಎಲ್’ ಎಂದರೆ ಸ್ಪೀಕರನ್ನು ನಡೆಸುವ ಶಕ್ತಿಯ ಪೆಂಟೋಡು, ‘ಸಿಸಿ’ ಎಂದರೆ ಜೋಡಿ ಟ್ರಯೋಡು, ‘ಜೆಡ್’ ಎಂದರೆ ರೆಕ್ಟಿಫಯರು. ಅಂಕೆ 8ರಿಂದ ಮೊದಲಾದರೆ ಒಂಬತ್ತು ಕಡ್ಡಿಯ ಬುಡ, 3ರಿಂದಾದರೆ ಸಾಮಾನ್ಯವಾಗಿ ಎಂಟು ಕಡ್ಡಿಯ ಬುಡ. ಅಮೆರಿಕದವರು ಇಸಿಸಿ 83ನ್ನೇ 12ಎಎಕ್ಸ್7 ಎಂದೂ ಇಎಲ್ 84ನ್ನೇ 6ಬಿಕ್ಯೂ5 ಎಂದೂ ಕರೆಯುತ್ತಾರೆ. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದೆ ಇವನ್ನು ನಮ್ಮ ನಾಡಿನಲ್ಲಿಯೇ ತಯಾರಿಸಿತು. ಗುರುಗಳ ಯಂತ್ರದಲ್ಲಿದ್ದುವು ಅವೇ.

ಗಾಜಿನ ಮೇಲಿನ ಅಕ್ಷರ ಮಾಸಿದ್ದರೆ ಬಟ್ಟೆಯಿಂದ ಉಜ್ಜಬಾರದು, ಉಳಿದುದೂ ಅಳಿದೀತು. ತಣ್ಣಗಿರುವಾಗ ಬಾಯ ಹಬೆಯನ್ನು ಊದಿ ಓರೆಯಾಗಿ ಬೆಳಕಿಗೆ ಹಿಡಿದರೆ ಅನೇಕ ವೇಳೆ ಅಕ್ಷರ ಮೂಡುತ್ತದೆ. ಕಡ್ಡಿ ಹೊಂದಿತೆಂದು ವಾಲ್ವು ಹೊಂದಿತೆಂದು ತಿಳಿಯಬೇಡಿ. ಇಎಲ್ 84, ಇಸಿಸಿ 83, ರೆಕ್ಟಿಫಯರಾದ ಇಜೆಡ್ 81, ಈ ಮೂರಕ್ಕೂ ಒಂಬತ್ತೇ ಕಡ್ಡಿ. ಒಂದರ ಮನೆಯಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಆದುದರಿಂದ ಕೀಳುವ ಮೊದಲು ಯಾವ ಮನೆಯಲ್ಲಿ ಯಾವುದಿತ್ತೆಂದು ನಕ್ಷೆ ಬರೆದುಕೊಳ್ಳುವುದು ಉಚಿತ.

ಬುರುಡೆಯ ನೆತ್ತಿಯ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ; ಅದರ ಆಯುಸ್ಸು ತೀರಿತು. ಗಾಜಿಗೆ ಅಂಟಿದಂತಿರುವ ತೆಳುನೀಲಿ ಬೆಳಕಿಗೆ ಅಂಜಬೇಕಾಗಿಲ್ಲ. ಪ್ಲೇಟು ಕೆಂಪೇರಿದರೆ ಮಾತ್ರ ಕ್ಷಣವೂ ತಡೆಯದೆ ವಿದ್ಯುತ್ತನ್ನು ನಿಲ್ಲಿಸಬೇಕು.

ಎಡಗಡೆಯದು ದೋಷವೆಂದು ಕಂಡಾಗ ನಾವು ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳನ್ನು ಪ್ರಯೋಗಿಸಿದೆವು. ಎಡದ ಇಎಲ್ 84ನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟೆವು. ಮೌನವು ಬಲಕ್ಕೆ ಹೋಯಿತು. ವಾಲ್ವಿನೊಡನೆ ದೋಷವೂ ಹೋದುದರಿಂದ ದೋಷ ವಾಲ್ವಿನದೇ ಎಂದು ಸಿದ್ಧಾಂತ ಮಾಡಿ, ಬಲದ್ದನ್ನು ಸ್ವಸ್ಥಾನಕ್ಕೆ ಮರಳಿಸಿ, ಎಡಗಡೆಗೆ ಮೀಸಲು ವಾಲ್ವನ್ನು ತೊಡಿಸಿದೆವು. ಸಂಗೀತ ಬಂದಿತು. ಗುರುಪತ್ನಿಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಲು ಗಂಟೆ ಕಳೆಯುವುದರೊಳಗೆ ಪ್ಲೇಟು ಕೆಂಡವಾಯಿತು. ನಾವು ಹಾಡಿನಲ್ಲಿ ಮೈಮರೆತು ಅದನ್ನು ತಡವಾಗಿ ನೋಡಿದೆವು. “ಹೋಗಲಿ ಬಿಡಪ್ಪ, ವಸ್ತು ತಾನೇ” ಎಂದರು ಆಕೆ. ಆದರೆ ಆ ಕಾಗದವನ್ನು ಮಡಿಚಿ ಮತ್ತೆ ಖಾನೆಯಲ್ಲಿಟ್ಟರು.

ನಮ್ಮ ತರ್ಕ ಎಲ್ಲಿ ತಪ್ಪಿತು? ಅದಲುಬದಲಿನ ಪರೀಕ್ಷೆ ಸತ್ತವರಾರೆಂಬುದನ್ನು ಹೇಳುತ್ತದೆ, ಕೊಂದವರಾರೆಂಬುದನ್ನು ಹೇಳದು. ಇಎಲ್ 84ರ ಪ್ಲೇಟಿಗೆ ಸಾಮಾನ್ಯವಾಗಿ 250 ವೋಲ್ಟು. ಗ್ರಿಡ್ಡು ಕೆಥೋಡಿಗಿಂತ ಸುಮಾರು 7 ವೋಲ್ಟು ಕೆಳಗಿರಬೇಕು. ಹಿಂದಿನ ವಾಲ್ವಿನಿಂದ ಧ್ವನಿಯನ್ನು ಮಾತ್ರ ಬಿಟ್ಟು ವೋಲ್ಟನ್ನು ತಡೆಯುವುದು ಒಂದು ಪುಟ್ಟ ಕಂಡೆನ್ಸರಿನ ಕೆಲಸ. ಅದು ಹಳತಾಗಿ ಸೋರಿದರೆ ಗ್ರಿಡ್ಡು ಮೇಲೇರಿ, ತೂಬು ಪೂರ್ತಿ ತೆರೆದು, ಎಷ್ಟು ಹೊಸ ವಾಲ್ವುಗಳನ್ನಿಟ್ಟರೂ ಒಂದೊಂದಾಗಿ ಸುಡುತ್ತವೆ. ವಾಲ್ವಿಲ್ಲದ ಮನೆಯಲ್ಲಿ ಎರಡನೆಯ ಕಡ್ಡಿಯ ವೋಲ್ಟನ್ನು ಅಳೆದಿದ್ದರೆ, ಸೊನ್ನೆಯಿರಬೇಕಾದಲ್ಲಿ ಅಂಕೆ ಕಂಡು ನಿಜಸ್ಥಿತಿ ತಿಳಿಯುತ್ತಿತ್ತು. ಎರಡು ನಿಮಿಷದ ಆ ಕೆಲಸವನ್ನು ನಾವು ಮಾಡಲಿಲ್ಲ.

ಈ ಅಳತೆಯನ್ನು ಅನುಭವಸ್ಥರಲ್ಲದವರು ಮಾಡಕೂಡದು. 250 ವೋಲ್ಟಿನ ನೇರ ವಿದ್ಯುತ್ತು ಪ್ರಾಣಾಪಾಯಕಾರಿ. ತಂತಿ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ವಿದ್ಯುತ್ತು ನಿಂತಿರುತ್ತದೆ. ವಾಲ್ವು ಬದಲಾಯಿಸಲು ಮಾತ್ರ ಹೊರಟವರು ತಂತಿ ಕಿತ್ತು, ಪೂರ್ತಿ ಆರಲು ಬಿಟ್ಟು, ನೆಟ್ಟಗೆ ಮೆಲ್ಲನೆ ಮೇಲಕ್ಕೆಳೆಯಬೇಕು. ಎಂಟು ಕಡ್ಡಿಯದನ್ನು ಗಾಜು ಹಿಡಿಯದೆ ಬುಡ ಹಿಡಿದು ಎಳೆಯಬೇಕು. ಸ್ಪೀಕರು ಜೋಡಿಸದೆ ಯಂತ್ರವನ್ನು ಎಂದೂ ನಡೆಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಕೆಡಬಹುದು. ಮಳೆಗಾಲದ ಥಂಡಿಗೆ ಕಡ್ಡಿಗಳು ಕಿಲುಬು ಹಿಡಿದೂ ಧ್ವನಿ ನಿಲ್ಲುವುದುಂಟು; ಅವನ್ನು ಶುಚಿಮಾಡದೆ ಹೊಸ ವಾಲ್ವಿಗೆ ಹಣ ತೆರಬೇಡಿ.

ಆ ಕಂಡೆನ್ಸರನ್ನೂ ಅದರ ಜೊತೆಯದನ್ನೂ ತೆಗೆದು ಹೊಸದನ್ನು ಹಾಕಿಸಲು ತಗಲಿದ ವೆಚ್ಚ ಒಂದು ಊಟದ ಬೆಲೆಗಿಂತ ಹೆಚ್ಚಲ್ಲ. ರಷ್ಯಾ, ಸ್ಲೊವಾಕಿಯ, ಚೀನಾ ದೇಶಗಳಲ್ಲಿ ಇಂದಿಗೂ ಇಎಲ್ 84 ತಯಾರಾಗುತ್ತಿರುವುದರಿಂದ ಒಂದನ್ನು ತರಿಸಿ ತೊಡಿಸಿದೆವು. ಈಗ ಎರಡು ಕಡೆಯೂ ನುಡಿಯುತ್ತಿದೆ. ನಾವು ಹೋದಾಗಲೆಲ್ಲ ಗುರುಪತ್ನಿಯವರು ತಟ್ಟೆಯನ್ನಿಟ್ಟು, ದೀಪವನ್ನು ತಗ್ಗಿಸಿ, ನಮ್ಮನ್ನು ಯಂತ್ರದ ಎದುರಿಗೇ ಕೂರಿಸುತ್ತಾರೆ, ಪ್ಲೇಟು ನೋಡುತ್ತಿರಲೆಂದು.