ಬಿ.ಎಡ್. ಸೇರುವ ಮುನ್ನ ನೋಡಬೇಕಾದ ಮೂರು ಕಾಗದಗಳು

(ಟ್ರಸ್ಟ್‌ನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಶಿಕ್ಷಣದ ಮಹತ್ವ’ ಎಂದು ಆಮಂತ್ರಣ ಪತ್ರಿಕೆಯಲ್ಲಿದೆ. ಈ ವೇದಿಕೆಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಹೇಳಿದವರು ಆಗಲೇ ಬಂದು ಹೋಗಿದ್ದಾರೆ. ಅಧ್ಯಕ್ಷರ ಅನುಮತಿ ಪಡೆದು ನಾನು ಇಂದು ಸ್ವಲ್ಪ ಸಣ್ಣ ವಿಷಯ ಮಾತಾಡುತ್ತೇನೆ. ಶಿಕ್ಷಕಿಯಾಗಬೇಕು ಎಂದು ಹೊರಟ ನಮ್ಮ ಮಕ್ಕಳು ಯಾವ ಕಾಲೇಜಿಗೆ ಸೇರಬೇಕು, ಆ ಕಾಲೇಜನ್ನು ನಡೆಸುವವರು ಯಾರು, ಅದಕ್ಕೆ ಒಪ್ಪಿಗೆ ಕೊಡುವವರು ಯಾರು ಎಂಬ ವಿಷಯ. ಈ ಬಾರಿಯ ಅರ್ಜಿಗಳ ಪರಿಶೀಲನೆಯಲ್ಲಿ ನಾನೂ ಕುಳಿತಿದ್ದೆ. ಪದವಿ ಮುಗಿಸಿದ ಹೆಣ್ಣುಮಕ್ಕಳ ಅರ್ಜಿಗಳಲ್ಲಿ ಬಿ.ಎಡ್. ಎಂದು ಬರೆದವರೇ ಹೆಚ್ಚು. ಸಂತೋಷದ ಸಂಗತಿ. ಆದರೆ ಕಾಲೇಜಿನ ಹೆಸರಿನ ಎದುರು ಬೇರೆ ಏನೂ ಇರಲಿಲ್ಲ. ನಮ್ಮ ಅರ್ಜಿ ನಮೂನೆಯಲ್ಲಿ ಕೇಳಿಯೇ ಇಲ್ಲವಲ್ಲ, ಮಕ್ಕಳು ಬರೆಯುವುದು ಹೇಗೆ?

ಇದನ್ನು ಯಾಕೆ ಎತ್ತುತ್ತಿದ್ದೇನೆ ಎಂದರೆ, ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಾಳೆ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಕೆಲವು ವರ್ಷಗಳ ಹಿಂದೆ ಅವಳು ಒಂದು ಖಾಸಗಿ ಕಾಲೇಜಿಗೆ ಬಿ.ಎಡ್. ಸೇರಿದಳು. ಗಲ್ಫ್‌ನಲ್ಲಿದ್ದ ಅಣ್ಣ ಅರ್ಧ ಶುಲ್ಕ ಕಳಿಸಿದ. ಉಳಿದದ್ದಕ್ಕೆ ಇಂಥದೇ ಒಂದು ವಿದ್ಯಾರ್ಥಿವೇತನ ಬಂತು. ಪರೀಕ್ಷೆಗೆ ಹೆಸರು ನೋಂದಾಯಿಸುವ ಹೊತ್ತಿಗೆ ಗೊತ್ತಾಯಿತು, ಆ ಕಾಲೇಜಿಗೆ ಒಪ್ಪಿಗೆ ಇದ್ದದ್ದು 50 ಮಂದಿಗೆ, ಅವರು ಸೇರಿಸಿಕೊಂಡದ್ದು ಅದಕ್ಕಿಂತ ಹೆಚ್ಚು. ಹೆಚ್ಚುವರಿಯವರ ಪಟ್ಟಿಯಲ್ಲಿ ಇವಳ ಹೆಸರು. ‘ಮುಂದಿನ ವರ್ಷ ಅಡ್ಜಸ್ಟ್ ಮಾಡುತ್ತೇವೆ’ ಎಂದರಂತೆ. ಸಂಜೆ ನಮ್ಮ ಮನೆಗೆ ಬಂದು, ‘ಟೀಚರ್, ಅಣ್ಣನಿಗೆ ಹೇಗೆ ಹೇಳುವುದು?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮರುವರ್ಷ ಬೇರೆ ಕಾಲೇಜಿಗೆ ಸೇರಿ ಮುಗಿಸಿದಳು, ಅದು ಬೇರೆ ಮಾತು. ಒಂದು ವರ್ಷ ಹೋಯಿತು, ದಾನಿಗಳ ಹಣವೂ ಹೋಯಿತು.

ಹಾಗಾಗಿ ಮೂರು ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ಮಾನ್ಯತೆ, ಸಂಯೋಜನೆ, ಶ್ರೇಣಿ. ಕಾಲೇಜಿನ ಜಾಹೀರಾತಿನಲ್ಲಿ ಈ ಮೂರನ್ನೂ ಒಂದೇ ಎಂಬಂತೆ ಅಚ್ಚು ಹಾಕಿರುತ್ತಾರೆ. ಅವು ಒಂದಲ್ಲ.

ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಎಲ್ಲರ ಬಾಯಲ್ಲಿ ಎನ್‌ಸಿಟಿಇ. 1973ರಿಂದ ಅದು ಸರಕಾರಕ್ಕೆ ಸಲಹೆ ಕೊಡುವ ಸಮಿತಿ ಮಾತ್ರ ಆಗಿತ್ತು. 1993ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 1995ರಲ್ಲಿ ಅದು ಶಾಸನಬದ್ಧ ಸಂಸ್ಥೆಯಾಯಿತು. ನಮ್ಮ ಕಡೆಯ ಕಾಲೇಜುಗಳು ಅದರ ದಕ್ಷಿಣ ಪ್ರಾದೇಶಿಕ ಸಮಿತಿಗೆ ಬರುತ್ತವೆ. ಆ ಕಚೇರಿ ಮೊದಲು ಬೆಂಗಳೂರಿನಲ್ಲೇ ಇತ್ತು, ಈಗ ದೆಹಲಿಯಲ್ಲಿದೆ. ಇಲ್ಲಿ ನೆನಪಿಡಬೇಕಾದದ್ದು, ಮಾನ್ಯತೆ ಇಡೀ ಕಾಲೇಜಿಗೆ ಸಿಗುವುದಲ್ಲ. ಪ್ರತಿ ಕೋರ್ಸಿಗೆ ಬೇರೆ, ಅದೂ ಇಷ್ಟು ಮಂದಿಗೆ ಎಂದು. ಬಿ.ಎಡ್.ಗೆ ಒಂದು ಘಟಕ ಎಂದರೆ 50 ವಿದ್ಯಾರ್ಥಿಗಳು. ಡಿ.ಎಲ್.ಎಡ್.ಗೆ ಮಾನ್ಯತೆ ಇರುವ ಸಂಸ್ಥೆಗೆ ಬಿ.ಎಡ್.ಗೆ ಇರಬೇಕೆಂದಿಲ್ಲ. ಎರಡು ಘಟಕ, ಅಂದರೆ 100 ಮಂದಿ ಇರುವ ಬಿ.ಎಡ್. ಕಾಲೇಜಿನಲ್ಲಿ 16 ಪೂರ್ಣಾವಧಿ ಅಧ್ಯಾಪಕರು ಇರಬೇಕೆಂದು 2014ರ ನಿಯಮ ಹೇಳುತ್ತದೆ. ನೀವು ಕಾಲೇಜು ನೋಡಲು ಹೋದಾಗ ಕಟ್ಟಡ ನೋಡುವುದಕ್ಕಿಂತ ಅಧ್ಯಾಪಕರ ಕೊಠಡಿಯ ಕುರ್ಚಿ ಎಣಿಸಿ ಬನ್ನಿ.

ಎರಡನೆಯದು ಸಂಯೋಜನೆ. ಪಠ್ಯಕ್ರಮ ಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ವಿಶ್ವವಿದ್ಯಾನಿಲಯ. ಎನ್‌ಸಿಟಿಇ ಮಾನ್ಯತೆ ಇಲ್ಲದ ಕೋರ್ಸಿಗೆ ವಿಶ್ವವಿದ್ಯಾನಿಲಯ ಸಂಯೋಜನೆ ಕೊಡುವ ಹಾಗಿಲ್ಲ, ಪರೀಕ್ಷೆ ಮಾಡುವ ಹಾಗೂ ಇಲ್ಲ. ಕಾಯ್ದೆಯ 16ನೆಯ ಕಲಮಿನಲ್ಲಿ ಇದಿದೆ. ನನ್ನ ವಿದ್ಯಾರ್ಥಿನಿಯ ಹೆಸರು ನಿಂತದ್ದು ಇಲ್ಲಿಯೇ. ಮಾನ್ಯತೆ ರದ್ದಾದ ಮೇಲೂ ಒಂದು ಕಾಲೇಜು ಕೋರ್ಸ್ ನಡೆಸಿ ಸರ್ಟಿಫಿಕೇಟ್ ಕೊಟ್ಟರೆ ಆ ಸರ್ಟಿಫಿಕೇಟ್ ಸರಕಾರಿ ಮತ್ತು ಅನುದಾನಿತ ಶಾಲೆಗಳ ನೌಕರಿಗೆ ನಡೆಯುವುದಿಲ್ಲ, ಇದು 17ನೆಯ ಕಲಮು. ಕೇಳಿ ಹೆದರಬೇಡಿ. ರದ್ದತಿ ಆ ದಿನವೇ ಜಾರಿಗೆ ಬರುವುದಲ್ಲ, ಆದೇಶ ತಲುಪಿದ ಮುಂದಿನ ಶೈಕ್ಷಣಿಕ ವರ್ಷ ಮುಗಿದ ಮೇಲೆ. ಒಳಗಿರುವ ಮಕ್ಕಳು ಬೀದಿಗೆ ಬೀಳಬಾರದೆಂದು ಕಾಯ್ದೆ ಮಾಡಿದವರು ಯೋಚಿಸಿದ್ದಾರೆ.

ಮೂರನೆಯದು ಶ್ರೇಣಿ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಕ್ ಸಂಸ್ಥೆ ಕೊಡುವ ಎ, ಬಿ, ಸಿ. 1994ರಲ್ಲಿ ಯುಜಿಸಿ ಸ್ಥಾಪಿಸಿದ ಸಂಸ್ಥೆ ಅದು. ಕಾಲೇಜು ತನ್ನ ಬಗ್ಗೆ ತಾನೇ ಒಂದು ಸ್ವಯಂ ಅಧ್ಯಯನ ವರದಿ ಬರೆದು ಕಳಿಸಬೇಕು, ಹೊರಗಿನ ಅಧ್ಯಾಪಕರ ತಂಡ ಪರಿಶೀಲಿಸಬೇಕು, ಏಳು ಮಾನದಂಡಗಳಲ್ಲಿ ಅಂಕ ಬೀಳಬೇಕು. ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳಿಗೆಂದೇ ನ್ಯಾಕ್‌ನ ಪ್ರತ್ಯೇಕ ಕೈಪಿಡಿ ಇದೆ. ಶ್ರೇಣಿ ಸಾಮಾನ್ಯವಾಗಿ ಐದು ವರ್ಷಕ್ಕೆ. ಗೇಟಿನ ಮೇಲಿನ ಫಲಕದಲ್ಲಿ ‘ಎ ಗ್ರೇಡ್’ ಎಂದಿದ್ದರೆ ಯಾವ ವರ್ಷದ್ದು ಎಂದು ಕೇಳಿ. ಬಣ್ಣ ಮಾಸಿದ ಫಲಕವಾದರೆ ಕೇಳಲೇಬೇಕು. ಶ್ರೇಣಿ ಇಲ್ಲದಿದ್ದರೆ ಪದವಿ ಅಸಿಂಧು ಎಂದೇನೂ ಅಲ್ಲ. ಮಾನ್ಯತೆ ಇಲ್ಲದಿದ್ದರೆ ಮಾತ್ರ ಕಷ್ಟ. ನಮ್ಮ ಜನ ಇದನ್ನೇ ತಿರುಗಾ ಮುರುಗಾ ಮಾಡಿಕೊಳ್ಳುತ್ತಾರೆ, ಶ್ರೇಣಿ ಕೇಳುತ್ತಾರೆ, ಮಾನ್ಯತೆ ಪತ್ರ ಕೇಳುವುದಿಲ್ಲ.

ಇನ್ನು ಒಳಗೆ ಏನು ನಡೆಯುತ್ತದೆ ಎಂಬುದು. ನಾನು ಬಿ.ಎಡ್. ಮಾಡಿದ್ದು 1983–84ರಲ್ಲಿ. ಒಂದೇ ವರ್ಷದ ಕೋರ್ಸು. ಸೂಕ್ಷ್ಮ ಬೋಧನೆ ಎಂದು ಐದಾರು ನಿಮಿಷದ ಪಾಠ ಮಾಡಬೇಕು. ಎದುರು ಕುಳಿತವರು ನಮ್ಮದೇ ಸಹಪಾಠಿಗಳು, ಎಂಟನೇ ತರಗತಿಯ ಮಕ್ಕಳಂತೆ ನಟಿಸಬೇಕು. ನಟಿಸುವವರಿಗೂ ನಗು, ಪಾಠ ಮಾಡುವವಳಿಗೂ ನಗು. ಆಮೇಲೆ ಶಾಲೆಗೆ ಹೋಗಿ ಎಣಿಸಿ ಇಷ್ಟು ಪಾಠ, ಪಾಠ ಯೋಜನೆಯ ಪುಸ್ತಕಕ್ಕೆ ಸಹಿ, ಕೆಂಪು ಶಾಯಿಯಲ್ಲಿ ಷರಾ. ಪಾಠ ಯೋಜನೆ ಚೆಂದ ಬರೆಯಲು ಕಲಿತೆವು. ಗಲಾಟೆ ಮಾಡುವ ಅರವತ್ತು ಮಕ್ಕಳ ತರಗತಿಯಲ್ಲಿ ಏನು ಮಾಡಬೇಕೆಂದು ಮೊದಲ ನೌಕರಿಯಲ್ಲಿ, ಅಳುತ್ತಾ ಕಲಿತೆ.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದರ ಹಿಂದೆಯೇ 2014ರ ನಿಯಮಗಳು ಬಂದವು, 2015ರಿಂದ ಬಿ.ಎಡ್. ಎರಡು ವರ್ಷವಾಯಿತು. ವರ್ಷಕ್ಕೆ 200 ಕೆಲಸದ ದಿನ. ತರಗತಿಗೆ ಶೇ. 80 ಹಾಜರಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಶಾಲೆಗಳಲ್ಲಿ ಒಟ್ಟು 20 ವಾರ ಇರಬೇಕು, ಮೊದಲ ವರ್ಷ 4, ಎರಡನೇ ವರ್ಷ 16. ‘ಕಾಲೇಜಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂದು ಯಾರಾದರೂ ಹೇಳಿದರೆ ಅವರು ಈ ನಿಯಮ ಮುರಿಯುವ ಮಾತಾಡುತ್ತಿದ್ದಾರೆ ಎಂದು ತಿಳಿಯಿರಿ. ಹೆಣ್ಣುಮಗಳು ಮನೆಯಲ್ಲೇ ಇದ್ದು ಡಿಗ್ರಿ ಮಾಡಿದಂತಾಯಿತಲ್ಲ ಎಂದು ಕೆಲವು ಪೋಷಕರಿಗೆ ಅದು ಅನುಕೂಲವಾಗಿಯೇ ಕಾಣುತ್ತದೆ. ನಾನು ಇದನ್ನು ಬೇರೆಯವರ ತಪ್ಪು ಎಂದು ಹೇಳುತ್ತಿಲ್ಲ. ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು.

ನಾನು ಗಣಿತ ಶಿಕ್ಷಕಿ. ನಿವೃತ್ತಿಯ ಮುಂಚಿನ ವರ್ಷಗಳಲ್ಲಿ ನಮ್ಮ ಪ್ರೌಢಶಾಲೆಗೆ ಇಂಟರ್ನ್‌ಶಿಪ್‌ಗೆ ಪ್ರಶಿಕ್ಷಣಾರ್ಥಿಗಳು ಬರುತ್ತಿದ್ದರು. ಒಬ್ಬ ಹುಡುಗಿ ಬರುವುದು ತಪ್ಪಿಸುತ್ತಿದ್ದಳು. ವಿಚಾರಿಸಿದರೆ, ತಂದೆಗೆ ಹುಷಾರಿಲ್ಲ, ಮನೆಯಲ್ಲಿ ಟ್ಯೂಷನ್ ಹೇಳಿಕೊಟ್ಟು ಅವಳೇ ಮನೆ ನಡೆಸಬೇಕು. ಶಾಲೆಗೆ ಬಂದರೆ ಟ್ಯೂಷನ್ ಇಲ್ಲ. ನಾನು ಕರುಣೆಯಿಂದ ಹಾಜರಿಗೆ ಸಹಿ ಹಾಕಿಬಿಟ್ಟೆ. ಒಂದೆರಡು ದಿನದ್ದಲ್ಲ, ವಾರಗಟ್ಟಲೆ. ಅವಳು ಪಾಸಾದಳು, ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಮೂರು ತಿಂಗಳಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದಳು. ‘ಟೀಚರ್, ಭಿನ್ನರಾಶಿ ಹೇಳಿಕೊಟ್ಟೆ, ಒಂದು ಮಗುವಿಗೂ ಅರ್ಥವಾಗಲಿಲ್ಲ, ನನಗೆ ಇನ್ನೊಂದು ರೀತಿ ಹೇಳಲು ಗೊತ್ತಿಲ್ಲ’ ಎಂದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಕುಳಿತು ಪತ್ತಿರಿ ಹರಿದು ನಾಲ್ಕನೇ ಒಂದು, ಎಂಟನೇ ಒಂದು ಮಾಡಿದೆವು. ಅವಳು ನನ್ನ ಶಾಲೆಯಲ್ಲಿ, ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಕಲಿಯಬೇಕಾಗಿದ್ದ ಪಾಠ ಅದು. ನಾನು ಕೊಟ್ಟ ಸಹಿ ಅವಳಿಗೆ ಉಪಕಾರವಾಗಲಿಲ್ಲ. ಆ ಮೂರು ತಿಂಗಳು ಅವಳ ತರಗತಿಯಲ್ಲಿದ್ದ ಮಕ್ಕಳಿಗಂತೂ ಅಲ್ಲ.

ಇದು ಸರಿಯಾಗಿ ನಡೆಯಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಹಳಬರಿಗೆ ಆರ್‌ಸಿಇ. 1963ರಲ್ಲಿ ದೇಶದಲ್ಲಿ ನಾಲ್ಕು ಇಂಥ ಕಾಲೇಜುಗಳು ಶುರುವಾದವು. ಅಜ್ಮೀರ್, ಭೋಪಾಲ್, ಭುವನೇಶ್ವರ ಉಳಿದ ಮೂರು. ನಡೆಸುವುದು ಎನ್‌ಸಿಇಆರ್‌ಟಿ, ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ಅಲ್ಲಿಯ ನಾಲ್ಕು ವರ್ಷದ ಬಿ.ಎಸ್‌ಸಿ. ಎಡ್.ನಲ್ಲಿ ಭೌತಶಾಸ್ತ್ರ ಕಲಿಯುವುದೂ ಭೌತಶಾಸ್ತ್ರ ಕಲಿಸುವುದನ್ನು ಕಲಿಯುವುದೂ ಒಟ್ಟೊಟ್ಟಿಗೆ. ಮೊದಲು ಮೂರು ವರ್ಷ ವಿಷಯ, ಆಮೇಲೆ ವಿಧಾನ ಎಂಬ ಗೋಡೆ ಇಲ್ಲ. ಆವರಣದಲ್ಲೇ ಒಂದು ಪ್ರಾತ್ಯಕ್ಷಿಕ ಶಾಲೆ ಇದೆ, ನಿಜವಾದ ಮಕ್ಕಳ ನಿಜವಾದ ಶಾಲೆ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಇದ್ದ ಹಾಗೆ. ಈಗ 2020ರ ಶಿಕ್ಷಣ ನೀತಿ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಎಂದು ಹೇಳುತ್ತಿರುವುದು ಮೈಸೂರಿನವರಿಗೆ ಹೊಸದಲ್ಲ. ಆ ಸಂಯೋಜಿತ ಕೋರ್ಸಿಗೆ ಪಿಯುಸಿ ಆದ ಮೇಲೆಯೇ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲಿ ಕುಳಿತ ಪಿಯುಸಿ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕೈ ಎತ್ತಿ ನೋಡೋಣ. ... ಇಬ್ಬರು. ಮೂವರು.

ಇನ್ನೊಂದು ವಿಷಯ, ಬಹಳ ಮನೆಗಳಲ್ಲಿ ತಪ್ಪು ತಿಳಿದದ್ದು. ಬಿ.ಎಡ್. ಮಾಡಿದರೆ ಯಾವ ತರಗತಿಗೂ ಶಿಕ್ಷಕಿಯಾಗಬಹುದು ಎಂಬುದು. 2018ರಲ್ಲಿ ಎನ್‌ಸಿಟಿಇ ಒಂದರಿಂದ ಐದನೇ ತರಗತಿಗೂ ಬಿ.ಎಡ್. ಆಗುತ್ತದೆ ಎಂದು ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸಲು ಬೇರೆಯೇ ತರಬೇತಿ ಬೇಕು ಎಂದಿತು. ಆದ್ದರಿಂದ ಒಂದರಿಂದ ಐದಕ್ಕೆ ಡಿ.ಎಲ್.ಎಡ್., ಆರರಿಂದ ಮೇಲಕ್ಕೆ ಬಿ.ಎಡ್. ಎಂಟರವರೆಗೆ ಕಲಿಸುವವರಿಗೆ ಟಿಇಟಿ ಕೂಡ ಬೇಕು. 150 ಅಂಕದಲ್ಲಿ ಸಾಮಾನ್ಯ ವರ್ಗದವರಿಗೆ 90 ಬರಬೇಕು. ಚಿಕ್ಕ ಮಕ್ಕಳೆಂದರೆ ಇಷ್ಟ ಎನ್ನುವ ಹುಡುಗಿಯನ್ನು ಬಿ.ಎಡ್.ಗೆ ಸೇರಿಸಿದರೆ ಅವಳ ಇಷ್ಟದ ತರಗತಿಯ ಬಾಗಿಲೇ ಮುಚ್ಚಿದಂತೆ. ಡಿ.ಎಲ್.ಎಡ್. ಎಂದರೆ ಕಡಿಮೆ ಎಂಬ ಭಾವನೆ ನಮ್ಮಲ್ಲಿದೆ. ನನ್ನ ಅಭಿಪ್ರಾಯ ಕೇಳಿದರೆ ಒಂದನೇ ತರಗತಿಯ ಕೆಲಸವೇ ಹೆಚ್ಚು ಕಷ್ಟದ್ದು. ಒಂದು ವರ್ಷದ ಬಿ.ಎಡ್. ಮತ್ತೆ ಬರುತ್ತದಂತೆ, ಕಾಯೋಣವೇ ಎಂದೂ ಕೆಲವರು ಕೇಳುತ್ತಾರೆ. 2025ರಲ್ಲಿ ಪ್ರಕಟವಾದದ್ದು ಕರಡು ನಿಯಮ. ಅದೂ ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. ಮೂರು ವರ್ಷದ ಬಿ.ಎ., ಬಿ.ಎಸ್‌ಸಿ. ಮಾಡಿ ಮನೆಯಲ್ಲಿ ಕುಳಿತವರು ಅದನ್ನು ಕಾದು ಕೂರಬೇಡಿ.

ಇನ್ನು ಟ್ರಸ್ಟ್‌ನವರಲ್ಲಿ ಎರಡು ಬೇಡಿಕೆ. ಅಧ್ಯಕ್ಷರು ಬೇಸರಿಸಬಾರದು.

ಒಂದು, ಅರ್ಜಿ ನಮೂನೆಯಲ್ಲಿ ಬಿ.ಎಡ್. ಮತ್ತು ಡಿ.ಎಲ್.ಎಡ್. ವಿದ್ಯಾರ್ಥಿಗಳಿಗೆ ಮೂರು ಕಾಲಂ ಸೇರಿಸಿ: ಎನ್‌ಸಿಟಿಇ ಮಾನ್ಯತೆ ಆದೇಶದ ಸಂಖ್ಯೆ ಮತ್ತು ಅದರಲ್ಲಿರುವ ಸೀಟುಗಳ ಸಂಖ್ಯೆ, ಪದವಿ ಅಥವಾ ಡಿಪ್ಲೊಮಾ ಪರೀಕ್ಷೆ ನಡೆಸುವವರು ಯಾರು, ಬಿ.ಎಡ್. ಆದರೆ ಆ ವರ್ಷದ ಸಂಯೋಜನೆ ಪತ್ರ; ನ್ಯಾಕ್ ಶ್ರೇಣಿ ಇದ್ದರೆ ಅದರ ಅವಧಿ. ಕಾಗದ ಕೇಳಿದರೆ ಕಾಲೇಜಿನವರು ಕೊಡಲೇಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಸರಕಾರಿ ಕೋಟಾದ ಸೀಟು ಪಡೆದವರಿಗೆ ಈ ತಲೆನೋವು ಕಡಿಮೆ, ಶುಲ್ಕವೂ ಕಡಿಮೆ. ಪದವಿಯಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳು ಮೊದಲು ಅಲ್ಲಿ ಅರ್ಜಿ ಹಾಕಲಿ, ಮ್ಯಾನೇಜ್‌ಮೆಂಟ್ ಸೀಟು ಆಮೇಲೆ.

ಎರಡು, ನಾವು ಈಗ ಇಡೀ ಮೊತ್ತವನ್ನು ಸೇರುವಾಗಲೇ ಕೊಡುತ್ತಿದ್ದೇವೆ. ಕೋರ್ಸು ಒಂದು ವರ್ಷದ್ದಾಗಿದ್ದ ಕಾಲದ ಪದ್ಧತಿ ಇದು. ಈಗ ಮಕ್ಕಳಿಗೆ ನಿಜವಾದ ಕಷ್ಟ ಬರುವುದು ಎರಡನೇ ವರ್ಷದ ಆ 16 ವಾರಗಳಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲಿರಬೇಕು, ಬಸ್ಸಿನ ಖರ್ಚು ಇದೆ, ಟ್ಯೂಷನ್ ಇಲ್ಲ, ಹೊಲಿಗೆ ಇಲ್ಲ, ಮನೆಗೆ ಒಂದು ರೂಪಾಯಿ ಬರುವುದಿಲ್ಲ. ಮೊತ್ತ ಹೆಚ್ಚಿಸಲು ಆಗದಿದ್ದರೆ ಬೇಡ. ಇರುವುದನ್ನೇ ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ಇಂಟರ್ನ್‌ಶಿಪ್ ಶುರುವಾಗುವ ತಿಂಗಳಿಗೆ ಇಡಿ. ಶಾಲೆಯ ಮುಖ್ಯೋಪಾಧ್ಯಾಯರಿಂದ ಹಾಜರಿ ಪತ್ರ ತರಿಸಿಕೊಳ್ಳಿ. ಆ ಹುಡುಗಿಗೆ ಅಂದು ತಿಂಗಳಿಗೆ ಒಂದಿಷ್ಟು ಹಣ ಸಿಗುತ್ತಿದ್ದರೆ ನಾನು ಸುಳ್ಳು ಸಹಿ ಹಾಕಬೇಕಾಗಿರಲಿಲ್ಲ.

ಈ ವರ್ಷ ಬಿ.ಎಡ್., ಡಿ.ಎಲ್.ಎಡ್. ಸೇರುವವರು ಹಣ ಕಟ್ಟುವ ಮೊದಲು ಕಾಲೇಜಿನ ಕಾಗದಗಳನ್ನು ತೆಗೆದುಕೊಂಡು ನನ್ನಲ್ಲಿಗೆ ಬನ್ನಿ. ಒಟ್ಟಿಗೆ ಕುಳಿತು ಓದೋಣ. ಅಸರ್ ನಮಾಝಿನ ನಂತರ ನಾನು ಮನೆಯಲ್ಲೇ ಇರುತ್ತೇನೆ. ಕನ್ನಡಕ ಹುಡುಕಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಅಷ್ಟೆ.